ದುದ್ದದಲ್ಲಿ ಮೂವತ್ತೈದು ನಿಮಿಷ

ಏಪ್ರಿಲ್ಲಿನ ಎರಡೂವರೆ ಗಂಟೆ.
ಅರಸೀಕೆರೆ ಬಿಟ್ಟಾಗಿನಿಂದ ಗಾಜಿನಾಚೆ
ಟಾರು ಎದ್ದು ನಡುಗುತ್ತಿತ್ತು.
ರಾತ್ರಿ ಕರೆಂಟು ಕೈಕೊಟ್ಟಿತ್ತು, ಬೆಳಗಿನಿಂದ ಇದು ಮೂರನೇ ಓಟ,
ದುದ್ದದ ಹತ್ತಿರ ಪರದೆಯ ಮೇಲೆ
ಕೆಂಪಗೆ ಒಂಬತ್ತು.

ಹಿಂದಿನ ಸೀಟಿನಲ್ಲಿ ಗೌಸ್ ಸಾಬರು.
ವಾರಕ್ಕೆರಡು ಸಲ ಹಾಸನಕ್ಕೆ ಹೋಗಿ
ನಾಲ್ಕು ಗಂಟೆ ಮಲಗಿ ರಕ್ತ ತೊಳೆಸಿಕೊಂಡು ಬರುವವರು.
ಎಡಗೈಯಲ್ಲಿ ಉಬ್ಬಿದ ನರ
ಸದಾ ಗುಂಯ್‌ಗುಡುತ್ತದೆ,
ಬೇಕಾದ್ರೆ ಮುಟ್ಟಿ ನೋಡು ಅನ್ನುತ್ತಾರೆ. ನಾನು ಮುಟ್ಟಿಲ್ಲ.

ಚಾರ್ಜರಿಗೆ ತಗಡಿನ ಚಾವಣಿ.
ಪಕ್ಕದಲ್ಲೇ ಹೊಂಗೆ ಮರ,
ಕೇಬಲ್ಲು ಅಲ್ಲಿಗೆ ಎಟುಕುವುದಿಲ್ಲ.
ಅಳೆದವರು ಯಾರೋ, ಒಂದೇ ಒಂದು ಮಾರು ಸಾಲದೆ ಹೋಯಿತು.

ಪ್ಲಗ್ಗು ಸಿಕ್ಕಿಸಿದ್ದೇ ತಡ
ಬಾನೆಟ್ಟಿನೊಳಗೆ ಫ್ಯಾನು ಬೊಬ್ಬೆಯಿಟ್ಟಿತು.
"ಏನವ್ವಾ ಸೌಭಾಗ್ಯ,
ನಿಂತ ಗಾಡಿ ಯಾಕೆ ಏದುಸಿರು ಬಿಡ್ತದೆ?"

ಹೇಳಿದೆ.
ನಿಮ್ಮ ಕಾಲಡಿ ಹಲಗೆ ಹಾಗೆ ಮಲಗಿದೆ ಬ್ಯಾಟರಿ.
ಓಡಿ ಓಡಿ ಮೈ ಕಾದಿದೆ, ಕಾದ ಮೈಗೆ ತುಂಬಿದರೆ
ಇನ್ನೂ ಕಾಯುತ್ತದೆ.
ಅದಕ್ಕೇ ಬಣ್ಣದ ನೀರು ಕೊಳವೆಯಲ್ಲಿ ಸುತ್ತಿ
ಬಿಸಿ ಹೊತ್ತು ತಂದು, ಮೂತಿಯ ಹತ್ತಿರ ಗಾಳಿಗೆ ಕೊಟ್ಟು
ಮತ್ತೆ ಒಳಗೆ ಹೋಗುತ್ತದೆ.

ಸಾಬರು ತಮ್ಮ ಎಡಗೈ ನೋಡಿಕೊಂಡರು.

ಉಗಿಬಂಡಿಯ ಫೈರ್‌ಮನ್ ಆಗಿದ್ದವರು,
ಬೀರೂರಿನ ತನಕ ಕಲ್ಲಿದ್ದಲು ಎಸೆದ ಭುಜ.
"ಎಂಜಿನ್ನಿಗೆ ಮೊದಲು ನೀರು, ಆಮೇಲೆ ನಮಗೆ.
ಗೇಜಿನ ಗಾಜಲ್ಲಿ ನೀರು ಕಾಣದಿದ್ರೆ
ಡ್ರೈವರು ಅಪ್ಪ ಅಜ್ಜ ಯಾರನ್ನೂ ಬಿಡ್ತಿರಲಿಲ್ಲ.
ನೀರು ತಪ್ಪಿದ್ರೆ ಸೀಸದ ಬಿರಡೆ ಕರಗಿ
ಹಬೆಯೆಲ್ಲ ಬೆಂಕಿಗಿಳಿದು
ನಡುದಾರೀಲಿ ಮಾನ ಹೋಗೋದು.
ಅರಸೀಕೆರೇಲಿ ನೀರಿನ ಕಂಬದ ಕೆಳಗೆ
ಅದು ಕುಡಿಯೋದು ನೋಡಬೇಕಿತ್ತು ನೀನು,
ಈದ ಎಮ್ಮೆ ಕೂಡ ಹಾಗೆ ಕುಡಿಯಲ್ಲ.
ನಾವು ಕುಡಿಯೋದು ಮರೆತ್ವಿ."

ಈಗ ದಿನಕ್ಕೆ ಮುಕ್ಕಾಲು ಲೀಟರು, ಅಷ್ಟೇ.
ಸೊಸೆ ಉಗುರುಬಣ್ಣದಲ್ಲಿ ಗೆರೆ ಎಳೆದುಕೊಟ್ಟ ಬಾಟಲು
ತೊಡೆಗಳ ನಡುವೆ.

ಚಾರ್ಜರು ಕೊಡಬೇಕಾದ್ದು ಇಪ್ಪತ್ತೈದು, ಕೊಡುತ್ತಿರುವುದು ಹತ್ತು.
ತಪ್ಪು ಅದರದ್ದಲ್ಲ,
ಕಾರೇ ಸಾಕು ಸಾಕು ಎಂದು ಕೈ ಅಡ್ಡ ಹಿಡಿದಿದೆ.
ಇಲ್ಲದಿದ್ದರೆ ನಾನೇನು ಕಡಿಮೆ ನೋಡಿಕೊಳ್ಳುತ್ತೇನಾ?
ಬಿಸಿಲಿಂದ ಬಂದ ಕೂಡಲೆ ಪ್ಲಗ್ಗು ಹಾಕುವುದಿಲ್ಲ,
ಗಂಟೆ ಕಾಯುತ್ತೇನೆ.
ತುಂಬಿಸುವುದು ನಡುರಾತ್ರಿ, ಅದೂ ಎಂಬತ್ತರ ತನಕ.
ಕಟ್ಟಿಕೊಂಡ ಗಂಡನಿಗೆ ಇಷ್ಟು ಉಪಚಾರ ಕಾಣೆ
ಎಂದು ಅತ್ತೆ ಬೀದಿಗೆಲ್ಲ ಕೇಳುವಂತೆ ಹೇಳುತ್ತಾರೆ.

ನಾಲ್ಕಕ್ಕೆ ತಲುಪದಿದ್ದರೆ ಸಾಬರ ಮಂಚ ಇನ್ನೊಬ್ಬರಿಗೆ.

"ನನಗೆ ಬರೋ ಈ ತಣ್ಣನೆ ಗಾಳಿ ಎಲ್ಲಿಂದು?"
ಅದೇ ಯಂತ್ರದ್ದು. ನಿಮಗೂ ಅದಕ್ಕೂ ಒಂದೇ.
"ಹಂಗಾದ್ರೆ ನನ್ನದು ಆರಿಸು."
ನೀವು ಕಾಯಿಲೆಯವರು, ಆಗಲ್ಲ, ಅಂದೆ.
ಅವರಾಗಲೇ ಬಾಗಿಲು ತೆಗೆದಿದ್ದರು.
"ನಾನು ನೆರಳಿಗೆ ಹೋಗಬಲ್ಲೆ.
ಅದನ್ನು ಕಟ್ಟಿಹಾಕಿದೀಯಲ್ಲ."

ಹೊಂಗೆಯ ಬೇರಿನ ಮೇಲೆ ಕೂತು
ಬಾಟಲಿನ ಮುಚ್ಚಳದಲ್ಲಿ ನೀರು ಬಗ್ಗಿಸಿ
ತುಟಿ ಒದ್ದೆ ಮಾಡಿಕೊಂಡರು.
ಬೀಸಿದರೆ ಹೂವು ಉದುರುವಷ್ಟು ಗಾಳಿ,
ಅದೂ ಒಮ್ಮೆ ಬಂದು ಹೋಯಿತು.

"ಎಷ್ಟಾಯ್ತೂ?"
ಹದಿನಾಲ್ಕು, ಕೂಗಿದೆ.
ಇನ್ನೊಂದಿಷ್ಟು ಹೊತ್ತಿಗೆ ಇಪ್ಪತ್ತು.
ಆಮೇಲೆ ಹತ್ತು ಹದಿನಾರಾಯಿತು, ಹದಿನಾರು ಇಪ್ಪತ್ತೆರಡಾಯಿತು.
ಫ್ಯಾನಿನ ದನಿ ಒಂದು ಮೆಟ್ಟಿಲು ಇಳಿದದ್ದು
ನನಗಿಂತ ಮೊದಲು ಅವರಿಗೆ ಕೇಳಿಸಿತು.
ಅಲ್ಲಿಂದಲೇ ಕೈಯೆತ್ತಿದರು,
ಹಸಿರು ಬಾವುಟ ಹಿಡಿದವರ ಹಾಗೆ.

ಕೇಬಲ್ಲು ಬಿಚ್ಚಿದೆ, ಅದರ ಹಿಡಿ ಜ್ವರದ ಅಂಗೈಯ ಹಾಗಿತ್ತು.
ಸಾಬರು ಹತ್ತಿ ಕೂತು
ಬಾಟಲನ್ನು ಕಿಟಕಿಯ ಬೆಳಕಿಗೆ ಹಿಡಿದು
ನೀರು ಯಾವ ಗೆರೆಯಲ್ಲಿದೆ ನೋಡಿಕೊಂಡರು.
ನಾನು ನನ್ನ ಪರದೆ ನೋಡಿಕೊಂಡೆ.
ಹೊರಟೆವು.